ಅಲ್ಯೂಮಿನಿಯಂ ಎಲ್ಲಿ ಕೂತಿತು ಎಂದು ಮೊದಲು ಕೇಳಿ

ಪ್ರಶ್ನೆ: ಸರ್, ನಾನು ವಿಜಯಪುರದ ಕಡೆಯವಳು. ಪುಣೆಯ ಪಾಷಾಣ್‌ನಲ್ಲಿ ಇದ್ದುಕೊಂಡು ಹೆಕ್ಸಾಫೆರೈಟ್ (ಷಡ್ಭುಜ ಹರಳಿನ ಕಬ್ಬಿಣ-ಆಕ್ಸೈಡ್ ಅಯಸ್ಕಾಂತ) ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಸಿಟ್ರೇಟ್ ಸೋಲ್-ಜೆಲ್ ವಿಧಾನದಲ್ಲಿ ಸ್ಟ್ರಾನ್ಷಿಯಂ ಫೆರೈಟ್ ಮಾಡಿ, ಹನ್ನೆರಡು ಕಬ್ಬಿಣಗಳಲ್ಲಿ ಒಂದರ ಬದಲು ಅಲ್ಯೂಮಿನಿಯಂ ಹಾಕಿದೆ. ಕಾಂತತ್ವ ಗ್ರಾಂಗೆ 62 ಇಎಂಯು (ಕಾಂತತ್ವದ ಏಕಮಾನ) ಇದ್ದದ್ದು 44ಕ್ಕೆ ಇಳಿಯಿತು, ಕೊಯರ್ಸಿವಿಟಿ (ಕಾಂತತ್ವವನ್ನು ಅಳಿಸಲು ಬೇಕಾದ ವಿರುದ್ಧ ಕ್ಷೇತ್ರ) ಮಾತ್ರ 5.6ರಿಂದ 8.9 ಕಿಲೊ ಅರ್ಸ್ಟೆಡ್‌ಗೆ ಏರಿತು. ಇನ್ನೊಂದು ಸರಣಿಯಲ್ಲಿ ಕೋಬಾಲ್ಟ್ 0.6, ಟೈಟೇನಿಯಂ 0.6 ಹಾಕಿದರೆ ಕಾಂತತ್ವ 60ರಲ್ಲೇ ನಿಂತಿತು, ಕೊಯರ್ಸಿವಿಟಿ 1.6ಕ್ಕೆ ಕುಸಿಯಿತು. ನಮ್ಮ ವಿಎಸ್‌ಎಂ (ಕಾಂತತ್ವ ಅಳೆಯುವ ಯಂತ್ರ) ಗರಿಷ್ಠ ಕ್ಷೇತ್ರ 15 ಕಿಲೊ ಅರ್ಸ್ಟೆಡ್. ಪ್ರಬಂಧಗಳಲ್ಲಿ ಎಲ್ಲದಕ್ಕೂ ಅಯಾನಿನ ತ್ರಿಜ್ಯವನ್ನೇ ಕಾರಣ ಕೊಡುತ್ತಾರೆ. ನಮ್ಮ ಗೈಡ್ ಅದನ್ನು ಒಪ್ಪುತ್ತಿಲ್ಲ. ಭೋಸರಿಯಲ್ಲಿ ವೈಪರ್ ಮೋಟರ್ ಕಾರ್ಖಾನೆಯಲ್ಲಿರುವ ನಮ್ಮಣ್ಣ ಬೇರೆ, "ನಮ್ಮಲ್ಲಿ ಬರೋ ಮ್ಯಾಗ್ನೆಟ್‌ನ್ಯಾಗ ಕೋಬಾಲ್ಟ್ ಐತಿ, ಅದಕ್ಕ ಕೊಯರ್ಸಿವಿಟಿ ಜಾಸ್ತಿ" ಅಂತಾನೆ. ನಾನು ಕೋಬಾಲ್ಟ್ ಹಾಕಿದರೆ ಕಡಿಮೆಯಾಗುತ್ತದೆ. ಯಾರದು ಸರಿ?

ಉತ್ತರ: ನಿಮ್ಮ ಅಳತೆಯೂ ಸರಿ, ನಿಮ್ಮಣ್ಣನ ಮಾತೂ ಸರಿ. ತ್ರಿಜ್ಯದ ಕಾರಣವನ್ನು ಒಪ್ಪದ ನಿಮ್ಮ ಗೈಡ್ ಅಂತೂ ಪೂರ್ತಿ ಸರಿ.

ತ್ರಿಜ್ಯದ ವಿಷಯವನ್ನೇ ಮೊದಲು ಮುಗಿಸೋಣ. ಆರು ಆಮ್ಲಜನಕಗಳ ನಡುವೆ ಕೂತ ಕಬ್ಬಿಣದ ಅಯಾನಿನ ತ್ರಿಜ್ಯ 0.645 ಆಂಗ್‌ಸ್ಟ್ರಾಮ್, ಅಲ್ಯೂಮಿನಿಯಂದು 0.535. ಚಿಕ್ಕ ಅಯಾನು ಚಿಕ್ಕ ಜಾಗಕ್ಕೆ ಹೋಗುವುದಾದರೆ ಅಲ್ಯೂಮಿನಿಯಂ ನಾಲ್ಕು ಆಮ್ಲಜನಕಗಳ ಇಕ್ಕಟ್ಟಾದ ಚತುಷ್ಫಲಕ ಸ್ಥಾನವನ್ನು ಹಿಡಿಯಬೇಕಿತ್ತು. ಹಿಡಿಯುವುದಿಲ್ಲ, ಆರು ಆಮ್ಲಜನಕಗಳ ಅಷ್ಟಫಲಕ ಸ್ಥಾನಗಳಿಗೇ ಹೋಗುತ್ತದೆ. ಸತುವಿನದು ಇದಕ್ಕೆ ತದ್ವಿರುದ್ಧ. ಚತುಷ್ಫಲಕದಲ್ಲಿ ಕಬ್ಬಿಣದ ತ್ರಿಜ್ಯ 0.49, ಸತುವಿನದು 0.60. ದೊಡ್ಡದಾದರೂ ಸತು ಆ ಇಕ್ಕಟ್ಟಿಗೇ ನುಗ್ಗುತ್ತದೆ, ಏಕೆಂದರೆ ಅದರ ತುಂಬಿದ ಡಿ-ಕವಚಕ್ಕೆ ನಾಲ್ಕು ಬಂಧಗಳ ಏರ್ಪಾಡು ಹೊಂದುತ್ತದೆ. ಎರಡು ಸಲವೂ ತ್ರಿಜ್ಯದ ನಿಯಮ ತಲೆಕೆಳಗಾಯಿತು. ಅಲ್ಯೂಮಿನಿಯಂ ಹಾಕಿದಾಗ ಹರಳಿನ ಅಳತೆ ಕುಗ್ಗುವುದು ನಿಜ. ಅದು ಹೇಳುವುದು ಅಲ್ಯೂಮಿನಿಯಂ ಹರಳಿನೊಳಗೆ ಹೋಗಿದೆ ಎಂಬುದನ್ನು ಮಾತ್ರ. ಕೊಯರ್ಸಿವಿಟಿ ಏಕೆ ಏರಿತು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಉತ್ತರ ಇರುವುದು ಸ್ಥಾನಗಳಲ್ಲಿ. ಈ ಹರಳಿನ ವಿನ್ಯಾಸವನ್ನು ಅಡೆಲ್ಶೋಲ್ಡ್ 1938ರಲ್ಲೇ ಎಕ್ಸ್-ರೇಯಿಂದ ಬಿಡಿಸಿದ್ದ. ಅದನ್ನು ಶಾಶ್ವತ ಅಯಸ್ಕಾಂತವಾಗಿ ಬಳಕೆಗೆ ತಂದದ್ದು 1952ರ ಸುಮಾರಿಗೆ, ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯದವರು. ಎಂ-ಟೈಪ್‌ನ (ನಿಮ್ಮ ಸ್ಟ್ರಾನ್ಷಿಯಂ ಫೆರೈಟ್ ಈ ಬಗೆಯದೇ) ಒಂದು ಸೂತ್ರಘಟಕದಲ್ಲಿ ಹನ್ನೆರಡು ಕಬ್ಬಿಣ, ಅವು ಐದು ಬಗೆಯ ಸ್ಥಾನಗಳಲ್ಲಿ ಹಂಚಿಕೊಂಡಿವೆ. 12ಕೆ ಎಂಬ ಅಷ್ಟಫಲಕದಲ್ಲಿ ಆರು, 2ಎ ಎಂಬ ಅಷ್ಟಫಲಕದಲ್ಲಿ ಒಂದು, 2ಬಿ ಎಂಬ ವಿಚಿತ್ರ ಐದು-ಆಮ್ಲಜನಕದ ಸ್ಥಾನದಲ್ಲಿ ಒಂದು: ಈ ಎಂಟರ ಸ್ಪಿನ್ (ಪ್ರತಿ ಅಯಾನಿನ ಪುಟ್ಟ ಅಯಸ್ಕಾಂತದ ದಿಕ್ಕು) ಮೇಲ್ಮುಖ. ಚತುಷ್ಫಲಕವಾದ 4ಎಫ್1ರಲ್ಲಿ ಎರಡು, ಅಷ್ಟಫಲಕವಾದ 4ಎಫ್2ರಲ್ಲಿ ಎರಡು: ಈ ನಾಲ್ಕು ಕೆಳಮುಖ. ಹಗ್ಗಜಗ್ಗಾಟದಲ್ಲಿ ಒಂದು ಕಡೆ ಎಂಟು ಜನ, ಇನ್ನೊಂದು ಕಡೆ ನಾಲ್ಕು ಜನ ನಿಂತಂತೆ. ಪ್ರತಿ ಕಬ್ಬಿಣದ ಬಲ 5 ಬೋರ್ ಮ್ಯಾಗ್ನೆಟಾನ್ (ಪರಮಾಣುವಿನ ಕಾಂತತ್ವದ ಏಕಮಾನ); ಉಳಿಯುವುದು ನಾಲ್ವರ ಬಲ, 20. ಸ್ಟ್ರಾನ್ಷಿಯಂ ಫೆರೈಟಿನ ಅಣುಭಾರ 1062 ಎಂದು ಹಿಡಿದರೆ ಇದು ಗ್ರಾಂಗೆ 105 ಇಎಂಯು ಆಗುತ್ತದೆ. ಅದು ಸೊನ್ನೆ ಕೆಲ್ವಿನ್‌ನ ಲೆಕ್ಕ. ಕೋಣೆಯ ಉಷ್ಣತೆಯಲ್ಲಿ ಒಳ್ಳೆಯ ಹರಳು 74ರ ಆಸುಪಾಸು ಕೊಡುತ್ತದೆ.

ಈಗ ಅಲ್ಯೂಮಿನಿಯಂ. ಅದಕ್ಕೆ ಸ್ವಂತ ಕಾಂತತ್ವವಿಲ್ಲ. ಅದು ಮೊದಲು ಇಷ್ಟಪಡುವುದು 2ಎ ಮತ್ತು 12ಕೆ, ಅಂದರೆ ಎಂಟು ಜನರ ಗುಂಪು. ಆ ಕಡೆಯ ಒಬ್ಬ ಹಗ್ಗ ಬಿಟ್ಟ. 20ರಲ್ಲಿ 5 ಹೋಗಿ 15 ಉಳಿಯಿತು. ಹಗುರವಾದ ಅಲ್ಯೂಮಿನಿಯಂ ಬಂದು ಅಣುಭಾರ 1033ಕ್ಕೆ ಇಳಿದದ್ದನ್ನೂ ಸೇರಿಸಿದರೆ ಗ್ರಾಂಗೆ 81 ಇಎಂಯು. ಸುಮಾರು 23 ಪ್ರತಿಶತ ಇಳಿಕೆ. ನಿಮ್ಮ ಇಳಿಕೆ 29 ಪ್ರತಿಶತ.

ಉಳಿದದ್ದು ಎಲ್ಲಿಗೆ ಹೋಯಿತು? ಇಲ್ಲಿ ನಿಮ್ಮ ವಿಎಸ್‌ಎಂ ಕಡೆ ಬೊಟ್ಟು ಮಾಡಬೇಕಾಗುತ್ತದೆ. ಸ್ಟ್ರಾನ್ಷಿಯಂ ಫೆರೈಟಿನ ಅನೈಸೊಟ್ರೊಪಿ ಕ್ಷೇತ್ರವೇ (ಕಾಂತತ್ವವನ್ನು ಅದರ ಇಷ್ಟದ ಅಕ್ಷದಿಂದ ಅಡ್ಡಕ್ಕೆ ತಿರುಗಿಸಲು ಬೇಕಾದ ಕ್ಷೇತ್ರ) ಸುಮಾರು 18 ಕಿಲೊ ಅರ್ಸ್ಟೆಡ್. ನಿಮ್ಮ ಯಂತ್ರ ಕೊಡುವುದು 15. ದಿಕ್ಕುದೆಸೆಯಿಲ್ಲದೆ ಬಿದ್ದಿರುವ ಪುಡಿಯ ಕಣಗಳಲ್ಲಿ ಅಡ್ಡ ಬಿದ್ದವು ಆ ಕ್ಷೇತ್ರಕ್ಕೆ ಪೂರ್ತಿ ತಿರುಗುವುದೇ ಇಲ್ಲ. ಸ್ಯಾಚುರೇಷನ್‌ಗೆ (ಎಲ್ಲ ಕಣವೂ ಪೂರ್ತಿ ತಿರುಗಿದ ಸ್ಥಿತಿಗೆ) ಎಷ್ಟು ಕೊರತೆ ಬೀಳುತ್ತದೆ ಎಂದು ಅಂದಾಜಿಸಲು ಒಂದು ಸುಲಭ ಸೂತ್ರವಿದೆ: ಅನೈಸೊಟ್ರೊಪಿ ಕ್ಷೇತ್ರದ ವರ್ಗವನ್ನು ಹೊರಗಿನ ಕ್ಷೇತ್ರದ ವರ್ಗದ 15 ಪಟ್ಟಿನಿಂದ ಭಾಗಿಸಿ. 18 ಮತ್ತು 15 ಹಾಕಿದರೆ ಕೊರತೆ ಹತ್ತು ಪ್ರತಿಶತದ ಹತ್ತಿರ. ಅಲ್ಯೂಮಿನಿಯಂ ಹಾಕಿ ಅನೈಸೊಟ್ರೊಪಿ ಕ್ಷೇತ್ರ 25ಕ್ಕೆ ಏರಿತು ಎಂದುಕೊಂಡರೆ ಕೊರತೆ ಹದಿನೆಂಟು ಪ್ರತಿಶತ ದಾಟುತ್ತದೆ. ಹೊರಗಿನ ಕ್ಷೇತ್ರ ಬಹಳ ದೊಡ್ಡದಿದ್ದಾಗ ಮಾತ್ರ ಈ ಸೂತ್ರ ನಿಖರ, ಆದ್ದರಿಂದ ಇವನ್ನು ಅಂದಾಜು ಎಂದಷ್ಟೇ ತೆಗೆದುಕೊಳ್ಳಿ. ಆದರೂ ತಾತ್ಪರ್ಯ ಸ್ಪಷ್ಟ: ಅಲ್ಯೂಮಿನಿಯಂ ಹೆಚ್ಚಿದಷ್ಟೂ ನಿಮ್ಮ ಯಂತ್ರ ಕಾಂತತ್ವವನ್ನು ಹೆಚ್ಚೆಚ್ಚು ಕಡಿಮೆ ತೋರಿಸುತ್ತದೆ. ಇಳಿಕೆಯ ಒಂದು ಪಾಲು ಪದಾರ್ಥದ್ದಲ್ಲ, ಯಂತ್ರದ್ದು. ಎಷ್ಟೋ ಪ್ರಬಂಧಗಳಲ್ಲಿ 15 ಕಿಲೊ ಅರ್ಸ್ಟೆಡ್‌ನಲ್ಲಿ ಓದಿದ ಸಂಖ್ಯೆಗೆ ಸಲೀಸಾಗಿ ‘ಸ್ಯಾಚುರೇಷನ್’ ಎಂದು ಹೆಸರಿಡುತ್ತಾರೆ. ನೀವು ಹಾಗೆ ಬರೆಯಬೇಡಿ. ‘15 ಕಿಲೊ ಅರ್ಸ್ಟೆಡ್‌ನಲ್ಲಿ ಕಾಂತತ್ವ’ ಎಂದು ಬರೆಯಿರಿ. ಸಾಧ್ಯವಾದರೆ ಎರಡು-ಮೂರು ಸ್ಯಾಂಪಲ್‌ಗಳನ್ನಾದರೂ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ ಇರುವ ಯಂತ್ರದಲ್ಲಿ 50 ಕಿಲೊ ಅರ್ಸ್ಟೆಡ್‌ವರೆಗೆ ಅಳೆಸಿ. ಅಲ್ಲಿ ಕೊರತೆ ಒಂದು-ಎರಡು ಪ್ರತಿಶತಕ್ಕೆ ಇಳಿಯುತ್ತದೆ.

23ರ ಮೇಲೆ ಯಂತ್ರದ ಪಾಲು ಸೇರಿಸಿದರೆ ನಿಮ್ಮ 29 ಹೆಚ್ಚುಕಡಿಮೆ ಕೂಡಿಬರುತ್ತದೆ. ಹಾಗೆಂದು ತೀರಾ ಸಂತೋಷಪಡಬೇಡಿ. ಅಲ್ಯೂಮಿನಿಯಂ ಬಂದಲ್ಲೆಲ್ಲ ಕಬ್ಬಿಣ-ಆಮ್ಲಜನಕ-ಕಬ್ಬಿಣ ಕೊಂಡಿಗಳು ಕಡಿಯುತ್ತವೆ, ಕ್ಯೂರಿ ಉಷ್ಣತೆ (ಕಾಂತತ್ವ ಅಳಿದುಹೋಗುವ ಉಷ್ಣತೆ) ಇಳಿಯುತ್ತದೆ, ಕೋಣೆಯ ಉಷ್ಣತೆಯ ಕಾಂತತ್ವ ಅದರಿಂದಲೂ ಇಳಿಯುತ್ತದೆ. ಅತ್ತ ಸ್ವಲ್ಪ ಅಲ್ಯೂಮಿನಿಯಂ ಕೆಳಮುಖದ ಗುಂಪಿಗೆ ಹೋಗಿದ್ದರೆ ಅದು ಏರಿಸುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ಲೆಕ್ಕ ಸರಿಬಂದಂತೆ ಕಾಣುವುದು ಈ ವಿಷಯದಲ್ಲಿ ಮಾಮೂಲು. ಇನ್ನೊಂದು ಎಚ್ಚರಿಕೆ: ಈ ಕೂಡು-ಕಳೆಯುವ ಲೆಕ್ಕ ಸಣ್ಣ ಪ್ರಮಾಣಕ್ಕೆ ಮಾತ್ರ. ಹನ್ನೆರಡರಲ್ಲಿ ಮೂರು-ನಾಲ್ಕು ಕಬ್ಬಿಣ ಹೋದ ಮೇಲೆ ನೆರೆಯವರನ್ನು ಕಳೆದುಕೊಂಡ ಸ್ಪಿನ್‌ಗಳು ಓರೆಯಾಗಿ ನಿಲ್ಲುತ್ತವೆ, ಮೇಲ್ಮುಖ ಕೆಳಮುಖ ಎಂಬ ವಿಭಾಗವೇ ಸಡಿಲವಾಗುತ್ತದೆ.

ಕೊಯರ್ಸಿವಿಟಿ ಏರಿದ್ದೇಕೆ? ಅನೈಸೊಟ್ರೊಪಿ ಕ್ಷೇತ್ರ ಎಂದರೆ ಅನೈಸೊಟ್ರೊಪಿ ಸ್ಥಿರಾಂಕದ ಎರಡರಷ್ಟನ್ನು ಕಾಂತತ್ವದಿಂದ ಭಾಗಿಸಿದ್ದು. ಸ್ಪಿನ್‌ಗಳು ಹರಳಿನ ಉದ್ದ ಅಕ್ಷವನ್ನೇ ಪಟ್ಟುಹಿಡಿದು ನಿಲ್ಲುವುದಕ್ಕೆ ಮುಖ್ಯ ಕಾರಣ 2ಬಿಯಲ್ಲಿ ಕೂತ ಆ ಒಂದೇ ಕಬ್ಬಿಣ. 4ಎಫ್2ರ ಕೊಡುಗೆಯೂ ಇದೆ. ಅಲ್ಯೂಮಿನಿಯಂ 12ಕೆ, 2ಎಗಳಲ್ಲಿ ಕೂತು 2ಬಿಯನ್ನು ಹೆಚ್ಚಾಗಿ ಮುಟ್ಟದೆ ಬಿಡುತ್ತದೆ. ಹೀಗಾಗಿ ಮೇಲಿನ ಸಂಖ್ಯೆ ನಿಧಾನ ಇಳಿಯುತ್ತದೆ, ಕೆಳಗಿನದು ಬೇಗ ಇಳಿಯುತ್ತದೆ, ಭಾಗಲಬ್ಧ ಏರುತ್ತದೆ. ಅಂದರೆ ನಿಮ್ಮ ಅಯಸ್ಕಾಂತ ಬಲವಾಗಿಲ್ಲ. ಹೊರಗಿನ ಕ್ಷೇತ್ರ ಹಿಡಿದು ತಿರುಗಿಸಲು ಅದರಲ್ಲಿ ಕಾಂತತ್ವವೇ ಕಡಿಮೆಯಾಗಿದೆ. ‘ಅಲ್ಯೂಮಿನಿಯಂ ಫೆರೈಟನ್ನು ಗಟ್ಟಿಗೊಳಿಸುತ್ತದೆ’ ಎಂಬ ವಾಕ್ಯ ಓದಿದಾಗಲೆಲ್ಲ ಇದನ್ನು ನೆನಪಿಡಿ.

ಕೊಯರ್ಸಿವಿಟಿಯಲ್ಲಿ ಕಣದ ಗಾತ್ರದ ಕೈವಾಡವೂ ಇದೆ. ಒಂದೇ ಡೊಮೇನ್ (ಒಂದೇ ದಿಕ್ಕಿಗೆ ಕಾಂತಗೊಂಡ ಪ್ರದೇಶ) ಇರುವ, ಒಂದಕ್ಕೊಂದು ಸಂಬಂಧವಿಲ್ಲದ ಕಣಗಳ ಪುಡಿಯಲ್ಲಿ ಕೊಯರ್ಸಿವಿಟಿ ಹೆಚ್ಚೆಂದರೆ ಅನೈಸೊಟ್ರೊಪಿ ಕ್ಷೇತ್ರದ 0.48 ಪಾಲು. 18ಕ್ಕೆ ಅದು 8.6. ನಿಮ್ಮ ಮೂಲ ಸ್ಯಾಂಪಲ್ 5.6 ಕೊಟ್ಟಿದೆ, ಸೋಲ್-ಜೆಲ್‌ಗೆ ಒಳ್ಳೆಯ ಸಂಖ್ಯೆಯೇ. ಕಣ ಒಂದು ಮೈಕ್ರಾನ್ ದಾಟಿದರೆ ಡೊಮೇನ್ ಗೋಡೆಗಳು ಹುಟ್ಟಿ ಅದು ಇಳಿಯುತ್ತದೆ. ಅಲ್ಯೂಮಿನಿಯಂ ಕಣಗಳ ಬೆಳವಣಿಗೆಯನ್ನೂ ತಡೆಯುವುದರಿಂದ ನಿಮ್ಮ 8.9ರಲ್ಲಿ ಎಷ್ಟು ಪಾಲು ಅನೈಸೊಟ್ರೊಪಿಯದು, ಎಷ್ಟು ಕಣದ ಗಾತ್ರದ್ದು ಎಂಬುದನ್ನು ಎಸ್‌ಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ಚಿತ್ರ ನೋಡದೆ ಹೇಳಲಾಗದು. ಕಣದ ಗಾತ್ರದ ಗೊಡವೆ ಇಲ್ಲದೆ ಅನೈಸೊಟ್ರೊಪಿಯನ್ನೇ ನೋಡಬೇಕೆಂದರೆ ಮೈಕ್ರೋವೇವ್ ದಾರಿ ಚೆನ್ನ. ಸ್ವಾಭಾವಿಕ ಅನುರಣನದ ಆವರ್ತನ ಕಿಲೊ ಅರ್ಸ್ಟೆಡ್‌ಗೆ 2.8 ಗಿಗಾಹರ್ಟ್ಸ್ ಲೆಕ್ಕದಲ್ಲಿ ಬರುತ್ತದೆ. 17 ಕಿಲೊ ಅರ್ಸ್ಟೆಡ್‌ನ ಬೇರಿಯಂ ಫೆರೈಟ್ 48 ಗಿಗಾಹರ್ಟ್ಸ್ ಹತ್ತಿರ ಹೀರುತ್ತದೆ. ಅಲ್ಯೂಮಿನಿಯಂ ಅದನ್ನು ಮೇಲಕ್ಕೆ ತಳ್ಳುತ್ತದೆ, ಕೋಬಾಲ್ಟ್-ಟೈಟೇನಿಯಂ ಕೆಳಕ್ಕೆ ಎಳೆಯುತ್ತದೆ.

ಹಾಗಾಗಿ ಕೋಬಾಲ್ಟ್-ಟೈಟೇನಿಯಂ ಜೋಡಿಗೆ ಬರೋಣ. ಕೋಬಾಲ್ಟ್ ಎರಡು ಧನಾಂಶದ್ದು, ಟೈಟೇನಿಯಂ ನಾಲ್ಕರದ್ದು. ಎರಡೂ ಸೇರಿ ಎರಡು ಕಬ್ಬಿಣದ ಆರನ್ನು ಸರಿದೂಗಿಸುತ್ತವೆ. ಇವು ಒಂದೇ ಸ್ಥಾನದಲ್ಲಿ ಕೂರುವುದಿಲ್ಲ, ಹಲವು ಕಡೆ ಹರಡುತ್ತವೆ. ಟೈಟೇನಿಯಂ 4ಎಫ್2ಕ್ಕೆ ಹೋದರೆ ಕೆಳಮುಖದವನೊಬ್ಬ ಕಡಿಮೆಯಾಗಿ ಕಾಂತತ್ವ 5 ಏರುತ್ತದೆ. ಅದೇ 12ಕೆಗೆ ಹೋದರೆ 5 ಇಳಿಯುತ್ತದೆ. ಕೋಬಾಲ್ಟಿನ ಬಲ ಸುಮಾರು 3. ಅದು 12ಕೆಯಲ್ಲಿ ಕೂತರೆ 2 ನಷ್ಟ, 4ಎಫ್1ರಲ್ಲಿ ಕೂತರೆ 2 ಲಾಭ. ಎರಡೂ ಕಡೆ ಹಂಚಿಹೋದಾಗ ಮೊತ್ತ ಅಲುಗದೆ ನಿಲ್ಲುತ್ತದೆ. ನಿಮ್ಮ 62ರಿಂದ 60 ಅದೇ. ಕಾಂತತ್ವ ಬದಲಾಗಿಲ್ಲ ಎಂದರೆ ಒಳಗೆ ಏನೂ ಬದಲಾಗಿಲ್ಲ ಎಂದಲ್ಲ.

ಕಾಂತತ್ವ ನಿಂತಲ್ಲೇ ಇರುವಾಗ ಕೊಯರ್ಸಿವಿಟಿ ಕುಸಿದಿದೆ ಎಂದಮೇಲೆ ಕುಸಿದದ್ದು ಅನೈಸೊಟ್ರೊಪಿ ಸ್ಥಿರಾಂಕವೇ, ಕಣಗಳು ಏಕಾಏಕಿ ದಪ್ಪವಾಗಿರದಿದ್ದರೆ. ಕಾರಣ ಎರಡು. ಟೈಟೇನಿಯಂ ಅನೈಸೊಟ್ರೊಪಿ ಕೊಡುವ ಕಬ್ಬಿಣಗಳ ಜಾಗ ಕಸಿಯುತ್ತದೆ. ಅದಕ್ಕಿಂತ ದೊಡ್ಡದು ಕೋಬಾಲ್ಟಿನ ಸ್ವಭಾವ: ಕಬ್ಬಿಣದ ಗೋಲಾಕಾರದ ಎಲೆಕ್ಟ್ರಾನ್ ಮೋಡಕ್ಕೆ ದಿಕ್ಕಿನ ಹಂಗು ಕಡಿಮೆ, ಕೋಬಾಲ್ಟಿನಲ್ಲಿ ಕಕ್ಷೀಯ ಕಾಂತತ್ವ ಉಳಿದುಕೊಂಡಿರುವುದರಿಂದ ಅದು ಕೂತ ಜಾಗದ ಆಕಾರವನ್ನು ಬಲವಾಗಿ ಅನುಭವಿಸುತ್ತದೆ. ಹೆಕ್ಸಾಫೆರೈಟಿನ ಅಷ್ಟಫಲಕಗಳಲ್ಲಿ ಕೂತಾಗ ಅದು ಸ್ಪಿನ್‌ಗಳನ್ನು ಅಕ್ಷದಿಂದ ಕೆಳಗೆಳೆದು ಸಮತಲದತ್ತ ಬಾಗಿಸುತ್ತದೆ. ಕೋಬಾಲ್ಟ್ ಇರುವ ವೈ-ಟೈಪ್, ಜೆಡ್-ಟೈಪ್ ಹೆಕ್ಸಾಫೆರೈಟ್‌ಗಳು ಕೋಣೆಯ ಉಷ್ಣತೆಯಲ್ಲಿ ಸಮತಲದಲ್ಲೇ ಕಾಂತಗೊಳ್ಳುವುದು ಇದರಿಂದಲೇ. ಎಂ-ಟೈಪ್ ಬೇರಿಯಂ ಫೆರೈಟಿನಲ್ಲಿ ಕೋಬಾಲ್ಟ್ ಮತ್ತು ಟೈಟೇನಿಯಂ ತಲಾ 1.2-1.3 ತಲುಪುವ ಹೊತ್ತಿಗೆ ಅಕ್ಷದ ಪಟ್ಟು ಹೆಚ್ಚುಕಡಿಮೆ ಸಡಿಲಿಸಿಬಿಡುತ್ತದೆ. ನೀವು ಅರ್ಧ ದಾರಿಯಲ್ಲಿದ್ದೀರಿ. ಇದನ್ನು ದೋಷ ಎಂದು ಬರೆಯಬೇಡಿ. ಕಾಂತತ್ವ ಕಳೆದುಕೊಳ್ಳದೆ ಕೊಯರ್ಸಿವಿಟಿಯನ್ನು ಬೇಕಾದಷ್ಟಕ್ಕೆ ತಗ್ಗಿಸುವ ಈ ಗುಣಕ್ಕಾಗಿಯೇ ರೆಕಾರ್ಡಿಂಗ್ ಮಾಧ್ಯಮದವರೂ ರೇಡಾರ್ ಹೀರುವ ಲೇಪ ಮಾಡುವವರೂ ಈ ಜೋಡಿಯನ್ನು ಹಿಡಿದದ್ದು.

ಇನ್ನು ನಿಮ್ಮಣ್ಣನ ಮ್ಯಾಗ್ನೆಟ್. ಅದರಲ್ಲಿ ಕೋಬಾಲ್ಟಿನ ಜೊತೆಗಾರ ಬೇರೆ: ಲ್ಯಾಂಥನಮ್. ಮೂರು ಧನಾಂಶದ ಲ್ಯಾಂಥನಮ್ ಎರಡರ ಸ್ಟ್ರಾನ್ಷಿಯಂನ ಜಾಗದಲ್ಲಿ ಕೂತು ಕೋಬಾಲ್ಟಿನ ಕೊರತೆಯನ್ನು ತುಂಬುತ್ತದೆ. ಹೀಗೆ ಕಬ್ಬಿಣದ ಸ್ಥಾನಗಳಿಗೆ ಟೈಟೇನಿಯಂ ಬರುವ ಪ್ರಮೇಯವೇ ಇಲ್ಲ. ಒಂದು ನಷ್ಟ ಅಲ್ಲೇ ತಪ್ಪಿತು. ಜೊತೆಗೆ ಕೋಬಾಲ್ಟ್ ಕೂರುವ ಜಾಗಗಳ ಹಂಚಿಕೆಯೂ ಬದಲಾಗುತ್ತದೆ. ಎಲ್ಲಿ ಕೂರುತ್ತದೆ ಎಂಬ ಬಗ್ಗೆ ಮಾಸ್‌ಬಾಯರ್, ನ್ಯೂಟ್ರಾನ್, ಎನ್‌ಎಂಆರ್ ಎಂಬ ಅಳತೆಗಳನ್ನು ಮಾಡುವವರು ವರ್ಷಗಟ್ಟಲೆ ಜಗಳವಾಡಿದ್ದಾರೆ. 4ಎಫ್1, 2ಎ, 12ಕೆ ಮೂರರ ಹೆಸರೂ ಬಂದಿದೆ. ಅನೈಸೊಟ್ರೊಪಿ ಏರಿಸುವುದು ಚತುಷ್ಫಲಕ 4ಎಫ್1ರಲ್ಲಿ ಕೂತ ಕೋಬಾಲ್ಟ್, ಉಳಿದದ್ದು ಅಷ್ಟು ಕೆಲಸಕ್ಕೆ ಬರುವುದಿಲ್ಲ ಎಂಬ ಕಡೆಗೆ ಈಚಿನ ಒಲವು. ನನಗೂ ಅದೇ ಒಪ್ಪಿತ. ಒಂದೇ ಲೋಹ, ಒಂದೇ ಹರಳು. ಕೂತ ಜಾಗ ಬೇರೆಯಾದ್ದರಿಂದ ನಿಮ್ಮ ಕೈಯಲ್ಲಿ ಇಳಿಸಿತು, ಭೋಸರಿಯಲ್ಲಿ ಏರಿಸಿತು.

ಮೋಟರಿನವರಿಗೆ ಇದು ಬೇಕಾಗಿರುವುದಕ್ಕೆ ಇನ್ನೊಂದು ಕಾರಣವಿದೆ, ನಿಮ್ಮಣ್ಣನಿಗೆ ಹೇಳಿ. ನಿಯೋಡಿಮಿಯಂ ಅಯಸ್ಕಾಂತ ಬಿಸಿಗೆ ಸೋತರೆ ಫೆರೈಟ್ ಸೋಲುವುದು ಚಳಿಗೆ. ಅದರ ಕೊಯರ್ಸಿವಿಟಿ ಉಷ್ಣತೆಯೊಂದಿಗೆ ಏರುತ್ತದೆ, ಡಿಗ್ರಿಗೆ ಸುಮಾರು 0.3 ಪ್ರತಿಶತ. ಪುಣೆಯ ಚಳಿ ಲೆಕ್ಕಕ್ಕಿಲ್ಲ. ಆದರೆ ಇಲ್ಲಿ ತಯಾರಾದ ಗಾಡಿ ಲೇಹ್‌ನಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ನಿಂತಿದ್ದು, ಮಂಜುಗಟ್ಟಿದ ವೈಪರ್ ಅಲುಗದೆ ಮೋಟರ್ ಜಾಮ್ ಆದರೆ ಆರ್ಮೇಚರ್‌ನ ವಿರುದ್ಧ ಕ್ಷೇತ್ರ ತೆಳು ಮ್ಯಾಗ್ನೆಟ್ಟಿನ ಅಂಚನ್ನು ಶಾಶ್ವತವಾಗಿ ಕೆಡಿಸಬಲ್ಲದು. ಲ್ಯಾಂಥನಮ್-ಕೋಬಾಲ್ಟ್ ದರ್ಜೆಗಳಲ್ಲಿ ಕೊಯರ್ಸಿವಿಟಿ ಮೀಟರಿಗೆ 350ರಿಂದ 400 ಕಿಲೊ ಆಂಪಿಯರ್ ಇದ್ದು ಉಳಿಕೆ ಕಾಂತತ್ವ 0.45 ಟೆಸ್ಲಾದ ಸುತ್ತ ನಿಲ್ಲುತ್ತದೆ, ಚಳಿಯಲ್ಲಿ ಇಳಿಯುವ ವೇಗವೂ ಕಡಿಮೆ. ಅಲ್ಯೂಮಿನಿಯಂ ಹಾಕಿಯೂ ಕೊಯರ್ಸಿವಿಟಿ ಪಡೆಯಬಹುದು, ಹಳೆಯ ದರ್ಜೆಗಳಲ್ಲಿ ಹಾಗೇ ಮಾಡುತ್ತಿದ್ದರು. ಆದರೆ ಅದಕ್ಕೆ ಬೆಲೆ ಕಾಂತತ್ವದಲ್ಲಿ ತೆರಬೇಕು. ಕೋಬಾಲ್ಟಿನ ಬೆಲೆಯನ್ನು ರೂಪಾಯಿಯಲ್ಲಿ ತೆರುತ್ತಾರೆ.

ಸ್ಥಾನವನ್ನು ಕಂಡುಹಿಡಿಯುವುದು ಹೇಗೆ ಎಂದು ಗೈಡ್ ಮುಂದೆ ಕೇಳುತ್ತಾರೆ. ಪ್ರಯೋಗಾಲಯದ ಎಕ್ಸ್-ರೇಯಿಂದ ಕೋಬಾಲ್ಟ್ ಸಿಗುವುದಿಲ್ಲ: ಕಬ್ಬಿಣದಲ್ಲಿ 26 ಎಲೆಕ್ಟ್ರಾನ್, ಕೋಬಾಲ್ಟಿನಲ್ಲಿ 27, ಎಕ್ಸ್-ರೇಗೆ ಇಬ್ಬರೂ ಒಂದೇ. ನ್ಯೂಟ್ರಾನ್‌ಗೆ ಹಾಗಲ್ಲ. ಚದುರಿಕೆಯ ಉದ್ದ ಕಬ್ಬಿಣಕ್ಕೆ 9.45 ಫೆಮ್ಟೊಮೀಟರ್, ಕೋಬಾಲ್ಟಿಗೆ 2.49, ಟೈಟೇನಿಯಂಗೆ ಋಣ 3.4. ವಿಶ್ವವಿದ್ಯಾಲಯದವರು ಯುಜಿಸಿ-ಡಿಎಇ ಒಕ್ಕೂಟದ ಮುಂಬೈ ಕೇಂದ್ರದ ಮೂಲಕ ಟ್ರಾಂಬೆಯ ಧ್ರುವ ರಿಯಾಕ್ಟರಿನಲ್ಲಿ ನ್ಯೂಟ್ರಾನ್ ಅಳತೆಗೆ ಅರ್ಜಿ ಹಾಕಬಹುದು. ಪುಣೆಯಲ್ಲಿದ್ದುಕೊಂಡು ಆ ಅನುಕೂಲ ಬಿಡಬೇಡಿ. ಒಂದೇ ಸ್ಥಾನದಲ್ಲಿ ಕಬ್ಬಿಣ, ಕೋಬಾಲ್ಟ್, ಟೈಟೇನಿಯಂ ಮೂರೂ ಬೆರೆತಿದ್ದರೆ ನ್ಯೂಟ್ರಾನ್ ಒಂದೇ ಕೊಡುವುದು ಮೂವರ ಮೊತ್ತ. ಎಕ್ಸ್-ರೇ ಮಾಹಿತಿಯನ್ನೂ ಜೊತೆಗಿಟ್ಟು ಬಿಡಿಸಬೇಕು. ಅಲ್ಯೂಮಿನಿಯಂ ಸರಣಿಗೆ ಮಾತ್ರ ಎಕ್ಸ್-ರೇಯೂ ನಡೆಯುತ್ತದೆ, 13 ಮತ್ತು 26ರ ಅಂತರ ಸಾಕಷ್ಟಿದೆ.

ಮಾಸ್‌ಬಾಯರ್ (ಗಾಮಾ ಕಿರಣದ ಅಳತೆ) ಕಬ್ಬಿಣವನ್ನು ಮಾತ್ರ ನೋಡುತ್ತದೆ, ಯಾರು ಜಾಗ ಖಾಲಿ ಮಾಡಿದರು ಎಂದು ಹೇಳುತ್ತದೆ. 2ಬಿಯ ಗುರುತು ಸುಲಭ: ಕ್ವಾಡ್ರುಪೋಲ್ ವಿಭಜನೆ ಸೆಕೆಂಡಿಗೆ 2.2 ಮಿಲಿಮೀಟರ್ ಹತ್ತಿರ, ಬೇರೆ ಯಾರದೂ ಅಷ್ಟಿಲ್ಲ. 4ಎಫ್1 ಮತ್ತು 2ಎ ಮಾತ್ರ ಒಂದರ ಮೇಲೊಂದು ಬೀಳುತ್ತವೆ. ಐದು ಸೆಕ್ಸ್‌ಟೆಟ್ (ಸ್ಥಾನಕ್ಕೊಂದು ಆರು ಗೆರೆಗಳ ಗುಂಪು) ಹಾಕಿ ಸಡಿಲ ಬಿಟ್ಟರೆ ಕಂಪ್ಯೂಟರ್ ಏನನ್ನು ಬೇಕಾದರೂ ಫಿಟ್ ಮಾಡಿಕೊಡುತ್ತದೆ.

ಇದಕ್ಕೆಲ್ಲ ಮೊದಲು ಸ್ಯಾಂಪಲ್ ಶುದ್ಧವಿದೆಯೇ ನೋಡಿಕೊಳ್ಳಿ. ತಾಮ್ರದ ಎಕ್ಸ್-ರೇಯಲ್ಲಿ 33.15 ಡಿಗ್ರಿಯ ಬಳಿ ಗುಡ್ಡ ಎದ್ದಿದ್ದರೆ ಅದು ಹೆಮಟೈಟ್. ಕಾಂತತ್ವ ಇಳಿಯಲು ಅದೊಂದೇ ಸಾಕು, ಅಲ್ಯೂಮಿನಿಯಂನ ಹೆಸರು ಕೆಡಿಸಬೇಕಿಲ್ಲ. ಕೋಬಾಲ್ಟ್ ಸರಣಿಯಲ್ಲಿ ಹಿಸ್ಟರಿಸಿಸ್ ಲೂಪ್ (ಕ್ಷೇತ್ರ-ಕಾಂತತ್ವ ವಕ್ರರೇಖೆ) ನಡು ಸಣ್ಣಗಾಗಿದ್ದರೆ ಕೋಬಾಲ್ಟ್ ಫೆರೈಟ್ ಸ್ಪಿನೆಲ್ ಬೇರೆಯಾಗಿ ಕೂತಿದೆಯೇ ಎಂದು 35.5 ಡಿಗ್ರಿಯ ಬಳಿ ಹುಡುಕಿ. ಟೈಟೇನಿಯಂ ಐಸೊಪ್ರೊಪಾಕ್ಸೈಡ್ ಬಳಸುತ್ತಿದ್ದರೆ ಜುಲೈ-ಆಗಸ್ಟಿನಲ್ಲಿ ಆ ಬಾಟಲಿ ತೆರೆಯುವುದೇ ಸಾಹಸ. ಇಲ್ಲಿಯ ಮಳೆಗಾಲದ ತೇವಕ್ಕೆ ಬಿಳಿಯಾಗಿ ಹೆಪ್ಪುಗಟ್ಟಿ ಟೈಟೇನಿಯಂ ಡೈಆಕ್ಸೈಡ್ ಆಗುತ್ತದೆ, ಆಮೇಲೆ ಜೆಲ್‌ನಲ್ಲಿ ಸಮನಾಗಿ ಬೆರೆಯುವುದಿಲ್ಲ.

ಮುಂದಿನ ಸರಣಿ ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸತು-ಜಿರ್ಕೋನಿಯಂ ಸಣ್ಣ ಪ್ರಮಾಣದಲ್ಲಿ, 0.2ರಷ್ಟು. ಸತು 4ಎಫ್1ಕ್ಕೆ ಹೋಗಿ ಕಾಂತತ್ವ ಏರಿಸಬೇಕು. ಜಿರ್ಕೋನಿಯಂ 4ಎಫ್2ಕ್ಕೆ ಹೋದರೆ ಇನ್ನಷ್ಟು ಏರಿಕೆ, 12ಕೆಗೆ ಹೋದರೆ ಲಾಭವೆಲ್ಲ ಸೊನ್ನೆ. ಅನೈಸೊಟ್ರೊಪಿ ಮಾತ್ರ ಇಳಿಯುತ್ತದೆ. ಅದರ ಪಕ್ಕದಲ್ಲೇ ಲ್ಯಾಂಥನಮ್-ಕೋಬಾಲ್ಟ್ 0.2 ಮಾಡಿ, ಕಾಯಿಸುವ ಉಷ್ಣತೆಯನ್ನೂ ಹೊತ್ತನ್ನೂ ಬದಲಿಸದೆ. ಆಗ ನಿಮ್ಮ ಕೋಬಾಲ್ಟ್-ಟೈಟೇನಿಯಂ ಫಲಿತಾಂಶಕ್ಕೆ ನಿಜವಾದ ಜೋಡಿ ಸಿಗುತ್ತದೆ, ಗೈಡ್ ಕೇಳಿದ ‘ಏಕೆ’ ಎಂಬುದಕ್ಕೆ ಅಧ್ಯಾಯವೂ ಆಗುತ್ತದೆ. ಲ್ಯಾಂಥನಮ್ ಆಕ್ಸೈಡಿನಿಂದ ಶುರುಮಾಡುವುದಾದರೆ ತೂಗುವ ಮೊದಲು ಅದನ್ನು 900-1000 ಡಿಗ್ರಿಯಲ್ಲಿ ಕಾಯಿಸಿ, ಡೆಸಿಕೇಟರಿನಲ್ಲಿ ಆರಿಸಿ, ತಡಮಾಡದೆ ತೂಗಿ. ಬಾಟಲಿಯಲ್ಲಿದ್ದದ್ದು ನೀರು ಹೀರಿ ಪೂರ್ತಿ ಹೈಡ್ರಾಕ್ಸೈಡ್ ಆಗಿದ್ದರೆ ಭಾರ ಆರರಲ್ಲೊಂದು ಪಾಲು ಹೆಚ್ಚಿರುತ್ತದೆ, ನೀವು 0.20 ಎಂದು ಬರೆದುಕೊಂಡದ್ದು ಹರಳಿನಲ್ಲಿ 0.17 ಆಗಿರುತ್ತದೆ.